ಹಿನ್ನೀರಿನ ದಂಡೆಯಲ್ಲಿ ಒಂದು ದಿನ ಸೈಕಲ್

ಸೈಕಲ್ ಟೂರ್ ಅಂದರೆ ನಮ್ಮ ಕಡೆಯ ಹುಡುಗರು ಘಟ್ಟ ಇಳಿದು ಕಡಲತೀರಕ್ಕೆ ಹೋಗುತ್ತಾರೆ. ಹೊನ್ನಾವರ, ಮುರ್ಡೇಶ್ವರ, ಮರವಂತೆ. ನಾನೂ ಹೋಗಿದ್ದೇನೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಚೆಂದವೇ. ಆದರೆ ಸಾಗರದಲ್ಲಿ ಹುಟ್ಟಿ ಬೆಳೆದ ನನಗೆ ದಂಡೆ ಅಂದರೆ ಶರಾವತಿ ಹಿನ್ನೀರಿನ ದಂಡೆ. ಡಿಸೆಂಬರಿನ ಒಂದು ಭಾನುವಾರ ನಾನು, ನನ್ನ ತಮ್ಮ ಇಬ್ಬರೂ ಸಾಗರದಿಂದ ಹೊಳೆಬಾಗಿಲಿಗೆ ಹೋಗಿ, ಹೊಸ ಸೇತುವೆ ದಾಟಿ, ತುಮರಿ ಕಡೆ ಸುತ್ತಾಡಿ ಬಂದೆವು. ಬಂದ ದಿನದಿಂದ ಇದನ್ನು ಬರೆಯಬೇಕು ಅಂತ ಒದ್ದಾಡುತ್ತಿದ್ದೇನೆ.

ಆರೂವರೆಗೆ ಹೊರಟಾಗ ಇಬ್ಬನಿ ಎಷ್ಟಿತ್ತೆಂದರೆ ಮುಂದೆ ಹೋಗುತ್ತಿದ್ದ ತಮ್ಮನ ಹಿಂದಿನ ಕೆಂಪು ಲೈಟು ಮಾತ್ರ ಕಾಣುತ್ತಿತ್ತು. ಆವಿನಹಳ್ಳಿ ರಸ್ತೆ ಸಪಾಟಾಗಿ ಎಲ್ಲೂ ಇಲ್ಲ. ಒಂದು ಏರು, ಒಂದು ಇಳಿಜಾರು, ಮತ್ತೆ ಏರು. ಏರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಬೇಕು. ಅರ್ಧ ಏರಿದ ಮೇಲೆ ಇಳಿಸುತ್ತೇನೆ ಅಂದರೆ ಚೈನು ಕಟಕಟ ಅಂದು ನಿಂತೇ ಬಿಡುತ್ತದೆ. ದುಬಾರಿ ಸೈಕಲ್ಲೇ ಬೇಕು ಅಂತೇನಿಲ್ಲ. ಸ್ವಲ್ಪ ದಪ್ಪ ಟೈರು, ಸರಿಯಾಗಿ ಹಿಡಿಯುವ ಬ್ರೇಕು, ಒಂದು ಪಂಪು, ಪಂಕ್ಚರ್ ಸಾಮಾನು ಇದ್ದರೆ ಸಾಕು.

ಅದು ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಸಮಯ. ಪ್ರತಿ ತಿರುವಿಗೂ ಅಡಿಕೆ ಬೇಯಿಸುವ ಚೊಗರಿನ ವಾಸನೆ. ಒಂದು ಮನೆಯ ವಾಸನೆ ಮುಗಿಯುವಷ್ಟರಲ್ಲಿ ಇನ್ನೊಂದು ಮನೆಯದು. ಕಾರಿನಲ್ಲಿ ಗ್ಲಾಸು ಏರಿಸಿಕೊಂಡು ಹೋದರೆ ಇದು ಸಿಗುತ್ತಾ? ಇದೇ ರಸ್ತೆಯಲ್ಲಿ ನೂರು ಸಲ ಬಸ್ಸಲ್ಲಿ ಹೋಗಿದ್ದೇನೆ. ಯಾರ ಅಂಗಳದಲ್ಲಿ ಹಂಡೆ ಕುದಿಯುತ್ತಿದೆ ಅಂತ ಗೊತ್ತಾಗಿದ್ದು ಅವತ್ತೇ.

ಹೊಳೆಬಾಗಿಲು ಇನ್ನೂ ಸ್ವಲ್ಪ ದೂರ ಇರುವಾಗ ನನ್ನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಹತ್ತಿರದಲ್ಲೇ ಹಿನ್ನೀರಿನ ಒಂದು ಚಾಚು ರಸ್ತೆಯ ಪಕ್ಕಕ್ಕೇ ಬಂದಿತ್ತು. ನೀರು ಸ್ವಲ್ಪ ಇಳಿದು, ದಂಡೆಯಲ್ಲಿ ಕೆಂಪು ಮಣ್ಣಿನ ಪಟ್ಟಿ ಕಾಣುತ್ತಿತ್ತು. ಟ್ಯೂಬ್ ಬಿಚ್ಚಿಕೊಂಡು ಅಲ್ಲಿಗೆ ಇಳಿದೆವು. ಸ್ವಲ್ಪ ಗಾಳಿ ತುಂಬಿ, ನೀರಿನಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಬರುತ್ತದೆ ಅಂತ ತಿರುಗಿಸುತ್ತಾ ಹೋದೆ. ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಎದ್ದವು. ಒಂದು ಮುಳ್ಳು. ಬೆರಳಿಟ್ಟು ಹಿಡಿದುಕೊಂಡೆ. ನೀರು ತಣ್ಣಗೆ ಕೊರೆಯುತ್ತಿತ್ತು. ತಮ್ಮ ಸುಮ್ನೆ ನೋಡುತ್ತಾ ನಿಂತಿದ್ದವನು, "ಅಕ್ಕ, ಅಜ್ಜಿ ಮನೆ ಯಾವ ಕಡೆಗೆ ಇದ್ದಿದ್ದು?" ಅಂದ. ನಾನು ತಲೆ ಎತ್ತಿದೆ. ಎಲ್ಲಾ ಕಡೆ ನೀರೇ.

ನಮ್ಮ ಅಜ್ಜಿಯ ತವರು ಈ ನೀರಿನ ಕೆಳಗಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲು ಹಿರೇಭಾಸ್ಕರದಲ್ಲಿ ಒಂದು ಅಣೆಕಟ್ಟಿತ್ತು, ನಾವೆಲ್ಲ ಮಡೆನೂರು ಡ್ಯಾಂ ಅನ್ನುತ್ತೇವೆ. ಲಿಂಗನಮಕ್ಕಿ ತುಂಬಿದಾಗ ಆ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಈಗಲೂ ಮೇಲೆ ಕಾಣುತ್ತದೆ. ಅಣೆಕಟ್ಟಿಗೇ ಹಾಗಾದರೆ ಮನೆ, ಗದ್ದೆ, ತೋಟದ ಮಾತೇನು? ಇಲ್ಲಿನ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವಾಟ್‌ವರೆಗೆ ಕರೆಂಟು ಮಾಡಬಹುದು. ಊರು ಬಿಟ್ಟು ಬಂದವರ ಪೈಕಿ ಜಾಗದ ಹಕ್ಕುಪತ್ರಕ್ಕಾಗಿ ಮಕ್ಕಳು, ಮೊಮ್ಮಕ್ಕಳ ಕಾಲಕ್ಕೂ ಓಡಾಡುತ್ತಿರುವ ಕುಟುಂಬಗಳಿವೆ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸೇತುವೆ ಬಗ್ಗೆ ನನ್ನದೇನೂ ತಕರಾರಿಲ್ಲ, ಖುಷಿಯೇ. ಮೊದಲು ಜನ, ವಾಹನ ಎಲ್ಲ ಹಿನ್ನೀರು ದಾಟುತ್ತಿದ್ದದ್ದು ಲಾಂಚ್ ಅನ್ನುವ ದೊಡ್ಡ ದೋಣಿಯಲ್ಲಿ. ಆ ಕಾಲದಲ್ಲಿ ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ರಾತ್ರಿ ಹೆರಿಗೆ ನೋವು ಬಂದರೆ, ಎದೆನೋವು ಬಂದರೆ ಸುತ್ತುಬಳಸಿ ಹೋಗಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಲೂ ಇರಲಿಲ್ಲ. ತುಮರಿ ಕಡೆಯ ಕರೂರು ಸೀಮೆಯವರು ಎಷ್ಟೋ ವರ್ಷ ಕೇಳಿ ಕೇಳಿ 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರ್.

ಕಾರಿನಲ್ಲಿ ಅದು ಎರಡು ಮೂರು ನಿಮಿಷದ ಹಾದಿ. ನಮಗೆ ನಿಂತು ನಿಂತು ಅರ್ಧ ಗಂಟೆಯೇ ಹಿಡಿಯಿತು. ಮಧ್ಯಕ್ಕೆ ಬಂದಾಗ ಗಾಳಿ ಒಂದೇ ಸಮ ಪಕ್ಕದಿಂದ ನೂಕುತ್ತಿತ್ತು, ಹ್ಯಾಂಡಲ್ ಬಿಗಿಯಾಗಿ ಹಿಡಿಯಬೇಕಾಯಿತು. ಎರಡೂ ಕಡೆ ನಡುಗಡ್ಡೆಗಳು. ಅವೆಲ್ಲ ಒಂದು ಕಾಲಕ್ಕೆ ಗುಡ್ಡದ ತಲೆ. ಕೆಳಗಿನ ಕಣಿವೆಯಲ್ಲಿ ಗದ್ದೆ, ದಾರಿ, ದೇವಸ್ಥಾನ ಇದ್ದವು ಅಂತ ಅಲ್ಲಿ ನಿಂತರೆ ತಾನಾಗೇ ಮನಸ್ಸಿಗೆ ಬರುತ್ತದೆ. ಕಾರು ನಿಲ್ಲಿಸಿ ಫೋಟೋ ತೆಗೆದು ಹೋಗುವವರಿಗೆ ಯಾರಾದರೂ ಹೇಳಬೇಕಲ್ವಾ, ಇಲ್ಲಿ ಊರುಗಳಿದ್ದವು ಅಂತ? ಮುಳುಗಿದ ಊರುಗಳ ಹೆಸರು ಬರೆದ ಒಂದು ಫಲಕ ನಮಗೆ ಆ ದಿನ ಎಲ್ಲೂ ಕಾಣಲಿಲ್ಲ.

ತುಮರಿಯಲ್ಲಿ ಚಹಾ ಕುಡಿಯುವಾಗ ಒಬ್ಬ ಅಜ್ಜ ಸೈಕಲ್ ಮುಟ್ಟಿ ನೋಡಿ, "ಸಾಗರದಿಂದ ಇದರಲ್ಲೇ ಬಂದ್ರಾ? ಎಂತಕ್ಕೆ, ಬಸ್ಸಿಲ್ವಾ?" ಅಂದರು. "ನೋಡ್ತಾ ಬರೋಣ ಅಂತ" ಅಂದೆ. "ಹಂಗಾದ್ರೆ ಸರಿ" ಅಂದವರು ಇನ್ನೊಂದು ಚಹಾ ಕುಡಿಸಿದರು.

ವಾಪಸ್ ಬರುವಾಗಿನ ಒಂದು ವಿಷಯ ಹೇಳಲೇಬೇಕು. ಒಂದು ಬಸ್ಸು ಎಡಕ್ಕೆ ಒತ್ತಿಕೊಂಡು ಬಂತು. ನಾನು ಡಾಂಬರು ಬಿಟ್ಟು ಇಳಿಯಲೇಬೇಕಾಯಿತು. ಡಾಂಬರಿನ ಅಂಚಿಗೂ ಮಣ್ಣಿಗೂ ಒಂದು ಗೇಣು ಎತ್ತರದ ವ್ಯತ್ಯಾಸ. ಚಕ್ರ ಜಾರಿ ಮೊಣಕಾಲು ತರಚಿತು. ಗಾಯ ದೊಡ್ಡದಲ್ಲ. ಆದರೆ ಅದೇ ಅಂಚಿನಲ್ಲಿ ಶಾಲೆ ಮಕ್ಕಳು ದಿನಾ ಓಡಾಡುತ್ತಾರೆ. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನನಗೂ ಒಂದು ಸಿಕ್ಕಿತ್ತು. ಅಪ್ಪ ಧೈರ್ಯವಾಗಿ ರಸ್ತೆಗೆ ಬಿಟ್ಟಿದ್ದರು, ಯಾಕೆಂದರೆ ಆಗ ವಾಹನ ಕಡಿಮೆ. ಈಗ ಸೇತುವೆ ಆದ ಮೇಲೆ ವಾಹನ ಜಾಸ್ತಿ, ರಸ್ತೆ ಮಾತ್ರ ಅಷ್ಟೇ ಅಗಲ. ಮರ ಕಡಿದು ಅಗಲ ಮಾಡಿ ಅಂತ ನಾನು ಕೇಳುತ್ತಿಲ್ಲ. ಅಂಚಿಗೆ ಮಣ್ಣು ತುಂಬಿ ಡಾಂಬರಿನ ಮಟ್ಟಕ್ಕೆ ತನ್ನಿ. ತಿರುವಿನಲ್ಲಿ ಕನ್ನಡಿ ಹಾಕಿ, ಬಿಳಿ ಗೆರೆ ಎಳೆಯಿರಿ. ಒಂದು ಮಳೆಗಾಲ ಮುಗಿದ ಮೇಲೆ ಮತ್ತೆ ಮಣ್ಣು ತುಂಬಿ. ಇಷ್ಟೇ ಕೆಲಸ. ಓಡಿಸುವವರಿಗೆ ಹೇಳುವುದು, ಹಿಂದಿನಿಂದ ಹಾರ್ನ್ ಹೊಡೆದು ಗಾಬರಿ ಮಾಡಬೇಡಿ, ಏರಿನಲ್ಲಿ ಸೈಕಲ್ ಇದ್ದರೆ ಹತ್ತು ಸೆಕೆಂಡು ಕಾಯಿರಿ.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಮೀಟರ್‌ನಲ್ಲಿ 80ಕ್ಕೂ ಮೇಲೆ ತೋರಿಸುತ್ತಿತ್ತು. ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು. ಮೊಣಕಾಲಿಗೆ ಏನಾಯಿತು ಅಂತ ಕೇಳುವ ಮೊದಲು ಅವಳು ಯಾವಾಗಲೂ ಕೇಳುವುದನ್ನೇ ಕೇಳಿದಳು.

"ನೀರು ಎಷ್ಟು ಇಳಿದಿತ್ತು?"

"ಜಾಸ್ತಿ ಇಲ್ಲ ಅಜ್ಜಿ. ಒಂದು ಆಳು."

"ಹಂ" ಅಂದು ಇನ್ನೊಂದು ಅಡಿಕೆ ತೆಗೆದುಕೊಂಡಳು.