ಮೊಸರಾದ ಮೇಲೆ ಹಾಲು ಕೇಳಿದ ಹಾಗೆ

ನಿನ್ನೆ ರಾತ್ರಿ ಅಮ್ಮ ಒಂದೇ ಪಾತ್ರೆಗೆ ಮೂರು ಸಲ ಹೆಪ್ಪು ಹಾಕಿದಳು. ಪಾತ್ರೆ ಎತ್ತಿಟ್ಟ ಮೇಲೂ "ಹೆಪ್ಪು ಹಾಕಿದ್ಯೇನೇ?" ಅಂತ ಕೇಳಿದಳು. ಅಲ್ಜೈಮರ್ಸ್ ಅಂತ ಗೊತ್ತಾಗಿ ನಾಲ್ಕು ವರ್ಷ ಆಯ್ತು.

ಬೆಳಿಗ್ಗೆ ಅಮೆರಿಕದಿಂದ ಅಣ್ಣನ ಫೋನು. "ಲೆಕನೆಮ್ಯಾಬ್ ಅಂತ ಮದ್ದು ಬಂದಿದೆಯಲ್ಲೇ, ಅಮ್ಮನಿಗೆ ಕೊಡಿಸೋಣ್ವಾ?" ಅವನು ಕೇಳಿದ್ದರಲ್ಲಿ ತಪ್ಪಿಲ್ಲ. 'ಮರೆವಿಗೆ ಮದ್ದು ಸಿಕ್ಕಿತು' ಅಂತ ಬರೆಯುವವರ ಮೇಲೆ ನನ್ನ ಸಿಟ್ಟು.

ಹೆಪ್ಪಿನ ಮಾತು ಸುಮ್ನೆ ತೆಗೆದಿದ್ದಲ್ಲ. ಹಾಲು ಗಟ್ಟಿ ಮೊಸರಾಗುವುದೂ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡೇ. ಮಿದುಳಲ್ಲಿ ಅಮಿಲಾಯ್ಡ್ ಬೀಟಾ ಅನ್ನುವ ಪ್ರೋಟೀನ್ ತುಂಡುಗಳು ಹೀಗೇ ಗಂಟು ಕಟ್ಟುತ್ತವೆ. ಒಂದು ಗಂಟು ಕಟ್ಟಿದರೆ ಅದು ಪಕ್ಕದವನ್ನೂ ಎಳೆದುಕೊಳ್ಳುತ್ತದೆ. ಮರೆವು ಕಾಣುವುದಕ್ಕೆ 15-20 ವರ್ಷ ಮೊದಲೇ ಇದು ಶುರುವಾಗಿರುತ್ತದೆ. ಅಂದರೆ ನನ್ನ ಮದುವೆಗೆ ಅಮ್ಮ ಚಕ್ಕುಲಿ ಒತ್ತುತ್ತಿದ್ದಳಲ್ಲ, ಬಹುಶಃ ಆಗಲೇ.

ಲೆಕನೆಮ್ಯಾಬ್ ಈ ಗಂಟುಗಳನ್ನು ತೆಗೆಯುತ್ತದೆ, ಅದು ನಿಜ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಸುಮಾರು 1,800 ಜನರ ಮೇಲೆ 18 ತಿಂಗಳು ಪರೀಕ್ಷೆ ಮಾಡಿದ್ದರು. ಅಳತೆ 18 ಅಂಕದ್ದು, ಅಂಕ ಏರಿದಷ್ಟೂ ಕಾಯಿಲೆ ಜಾಸ್ತಿ. ಮದ್ದಿಲ್ಲದ ಡ್ರಿಪ್ ಹಾಕಿಸಿಕೊಂಡವರಿಗೆ 1.66 ಏರಿತು, ಮದ್ದು ಸಿಕ್ಕವರಿಗೆ 1.21. ವ್ಯತ್ಯಾಸ 0.45. ಇದನ್ನೇ 'ಶೇ 27 ನಿಧಾನ' ಅಂತಲೂ ಹೇಳಬಹುದು. ಲೆಕ್ಕ ಎರಡೂ ಸರಿ, ಹೆಡ್‌ಲೈನ್ ಆಗುವುದು ಯಾವುದು ಅಂತ ಗೊತ್ತಲ್ವಾ? ಆ ಪರೀಕ್ಷೆಯಲ್ಲಿ ಎರಡು ವಾರಕ್ಕೊಂದು ಡ್ರಿಪ್, ನಡುನಡುವೆ ಎಂಆರ್‌ಐ. ಮದ್ದು ಸಿಕ್ಕವರಲ್ಲಿ ನೂರಕ್ಕೆ 12-13 ಜನರ ಸ್ಕ್ಯಾನಿನಲ್ಲಿ ಮಿದುಳಿನ ಊತ ಕಂಡಿತ್ತು. 2023ರಲ್ಲಿ ಅಮೆರಿಕದಲ್ಲಿ ಅದರ ಬೆಲೆ ವರ್ಷಕ್ಕೆ 26,500 ಡಾಲರ್ ಇತ್ತು, ನಮ್ಮ ಲೆಕ್ಕದಲ್ಲಿ 20 ಲಕ್ಷ ದಾಟಿತು.

ಮೊಸರು ತೋಡಿ ತೆಗೆದರೆ ಪಾತ್ರೆಯಲ್ಲಿ ಹಾಲು ಸಿಗುತ್ತಾ? ಸತ್ತ ನರಕೋಶದ ಕಥೆಯೂ ಅಷ್ಟೇ.

ನನಗೆ ಆಸೆ ಹುಟ್ಟಿಸಿದ್ದು ಬೇರೆ ಮದ್ದು. ಪೋರ್ಚುಗಲ್ಲಿನ ಮೀನುಗಾರರ ಊರುಗಳಲ್ಲಿ ಕಾಲಿನ ನರ ಸಾಯುವ ಕಾಯಿಲೆಯೊಂದು ಮನೆತನದಲ್ಲೇ ಹರಿದು ಬರುತ್ತಿತ್ತು. 1952ರಲ್ಲಿ ಅಲ್ಲಿನ ನರರೋಗ ವೈದ್ಯ ಕೊರಿನೊ ಡಿ ಆಂಡ್ರಾಡೆ ಅದರ ಬಗ್ಗೆ ಬರೆದರು. ಅಲ್ಲಿ ಕೆಡುವುದು ಟ್ರಾನ್ಸ್‌ಥೈರೆಟಿನ್ ಅನ್ನುವ ಪ್ರೋಟೀನ್. ನಾಲ್ಕು ತುಂಡು ಸೇರಿ ಒಂದಾಗಿರುತ್ತದೆ, ಬಿಡಿಬಿಡಿಯಾದರೆ ಗಂಟು ಕಟ್ಟುತ್ತದೆ. ಅಮೆರಿಕದ ರಸಾಯನ ವಿಜ್ಞಾನಿ ಜೆಫ್ರಿ ಕೆಲ್ಲಿ ಅವರ ತಂಡ ಗಂಟಿನ ತಂಟೆಗೇ ಹೋಗಲಿಲ್ಲ. ನಾಲ್ಕೂ ತುಂಡು ಬಿಡದ ಹಾಗೆ ನಡುವೆ ಕೂತು ಹಿಡಿದುಕೊಳ್ಳುವ ಟಫಾಮಿಡಿಸ್ ಅನ್ನುವ ಮದ್ದು ಮಾಡಿತು. 2011ರಲ್ಲಿ ಯುರೋಪು ಒಪ್ಪಿತು. ವಾಸಿ ಮಾಡಲ್ಲ, ನಿಧಾನ ಮಾಡುತ್ತದೆ. ಆದರೂ ಹೆಪ್ಪು ಬೀಳುವ ಮೊದಲೇ ಮುಚ್ಚಳ ಮುಚ್ಚುವ ಬುದ್ಧಿ ಅದು.

ಅಮಿಲಾಯ್ಡ್ ಬೀಟಾ ಜೊತೆ ಈ ಆಟ ಕಷ್ಟ. ಬಿಡಿಯಾಗಿದ್ದಾಗ ಅದಕ್ಕೆ ಒಂದು ನಿಂತ ಆಕಾರವೇ ಇಲ್ಲ, ಮದ್ದು ಎಲ್ಲಿ ಹಿಡಿಯಬೇಕು? ಜೊತೆಗೆ ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಕಾವಲು ಬೇರೆ. ಕಷ್ಟ ಅಂತಲೇ ದುಡ್ಡು ಅಲ್ಲಿ ಸುರಿಯಬೇಕು ಅಂತೀನಿ ನಾನು. ಗಂಟು ತೆಗೆಯುವ ಮದ್ದುಗಳು ಈಗಾಗಲೇ ಸಾಲು ನಿಂತಿವೆ.

ಅಣ್ಣನಿಗೆ ಬೇಡ ಅಂದೆ. ಆ ಪರೀಕ್ಷೆ ನಡೆದದ್ದು ಶುರುವಿನ ಹಂತದವರ ಮೇಲೆ, ಅಮ್ಮ ಅದನ್ನು ಯಾವತ್ತೋ ದಾಟಿದ್ದಾಳೆ. "ಹಗಲು ನೋಡಿಕೊಳ್ಳುವವಳ ಸಂಬಳ ನೀನು ಕೊಡು ಅಣ್ಣ. ತಾನಾಗೇ ಆಫ್ ಆಗುವ ಗ್ಯಾಸ್ ಒಲೆ ಸಿಗುತ್ತಾ ನೋಡು."