ಒತ್ತಿ ಓಡಿದವನು

ಓಮ್‌ನ ನಿಯಮವನ್ನು ತಪ್ಪಿಲ್ಲದೆ ಬರೆದು, ಅಯಾನುಗೋಳದ ಪದರಗಳನ್ನು ಡಿ, ಇ, ಎಫ್ ಎಂದು ಕ್ರಮವಾಗಿ ಒಪ್ಪಿಸಿ, ಹವ್ಯಾಸಿ ರೇಡಿಯೋದ ಪರವಾನಗಿಯನ್ನೂ ರೇಡಿಯೋದಲ್ಲಿ ಹೆಸರಿನಂತೆ ಹೇಳಬೇಕಾದ ಒಂದು ಕರೆಸಂಕೇತವನ್ನೂ ಸಂಪಾದಿಸಿಕೊಂಡ ನನಗೆ, ಅಂಗೈಯಗಲದ ಸೆಟ್ಟಿನ ಪಕ್ಕದಲ್ಲಿರುವ, ಮಾತನಾಡುವಾಗ ಅದುಮಿ ಹಿಡಿಯಬೇಕಾದ ಒಂದೇ ಒಂದು ಗುಂಡಿಯನ್ನು ಒತ್ತುವ ಧೈರ್ಯ ಬರಲು ಹನ್ನೊಂದು ದಿನ ಬೇಕಾದವು. ಮೊದಲು ಸುಮ್ಮನೆ ಕೇಳಿಸಿಕೊಳ್ಳಿ ಎಂಬುದು ಹೊಸಬರಿಗೆ ಎಲ್ಲರೂ ಕೊಡುವ ಸಲಹೆಯಾದ್ದರಿಂದ, ನನ್ನ ಅಂಜಿಕೆಯನ್ನು ನಾನು ಶಿಸ್ತು ಎಂದೇ ಕರೆದುಕೊಂಡಿದ್ದೆ.

ಹನ್ನೆರಡನೆಯ ದಿನ ಒತ್ತಿದೆ. ಕರೆಸಂಕೇತವನ್ನು ಸ್ಪಷ್ಟವಾಗಿ ಉಚ್ಚರಿಸಿ, ಯಾರಾದರೂ ಕೇಳುತ್ತಿದ್ದೀರಾ ಎಂದು ವಿನಯದಿಂದ ವಿಚಾರಿಸಿದೆ. ಕೇಳುತ್ತಿದ್ದರು, ಆದರೆ ನನ್ನನ್ನಲ್ಲ. ಇಬ್ಬರು ಹಿರಿಯರು ತಮ್ಮ ಪಾಡಿಗೆ ತಾವು ಬ್ಯಾಟರಿಗಳ ಆಯುಷ್ಯದ ಬಗ್ಗೆ ಮಾತು ಮುಂದುವರಿಸಿದರು. ಮೂರು ದಿನ ಹೀಗೆಯೇ ನಡೆದ ಮೇಲೆ, ಇವರು ಹೊಸಬರನ್ನು ಸೇರಿಸಿಕೊಳ್ಳುವವರಲ್ಲ ಎಂಬ ತೀರ್ಮಾನಕ್ಕೆ ಬಂದು ಮುನಿಸಿಕೊಂಡೆ. ಮುನಿಸು ಇಳಿದು ಕೈಪಿಡಿ ತೆರೆದಾಗ ಗೊತ್ತಾದದ್ದಿಷ್ಟು: ಎತ್ತರದ ಜಾಗದಲ್ಲಿ ಕುಳಿತ ರಿಪೀಟರ್ ಎಂಬ ಯಂತ್ರ ಒಂದು ಆವರ್ತನದಲ್ಲಿ ಕೇಳಿಸಿಕೊಂಡು, ಅದೇ ಕ್ಷಣದಲ್ಲಿ ಇನ್ನೊಂದು ಆವರ್ತನದಲ್ಲಿ ಅದನ್ನೇ ಜೋರಾಗಿ ಹೇಳುತ್ತದೆ. ಅದು 145.700 ಮೆಗಾಹರ್ಟ್ಸ್‌ನಲ್ಲಿ ಮಾತನಾಡುವುದಾದರೆ ಕೇಳಿಸಿಕೊಳ್ಳುವುದು 145.100ರಲ್ಲಿ. ನಡುವಿನ ಈ 600 ಕಿಲೋಹರ್ಟ್ಸ್ ಅಂತರಕ್ಕೆ ಆಫ್‌ಸೆಟ್ ಎಂದು ಹೆಸರು, ಮತ್ತು ನನ್ನ ಸೆಟ್ಟಿನಲ್ಲಿ ಅದು ಸೊನ್ನೆಯಾಗಿತ್ತು. ಅಂದರೆ ಮೂರು ದಿನವೂ ನಾನು ಆ ಯಂತ್ರದ ಕಿವಿಯನ್ನು ಬಿಟ್ಟು ಬಾಯಿಯೊಳಗೆ ಮಾತನಾಡುತ್ತಿದ್ದೆ.

ಆಫ್‌ಸೆಟ್ ಸರಿಪಡಿಸಿದರೂ ಬಾಗಿಲು ತೆರೆಯಲಿಲ್ಲ. ದಾರಿತಪ್ಪಿ ಬರುವ ಸಿಗ್ನಲ್‌ಗಳಿಗೆಲ್ಲ ರಿಪೀಟರ್ ಓಗೊಡಬಾರದೆಂದು, ಮಾತಿನ ಕೆಳಗೆ ಒಂದು ಸಣ್ಣ ಗುಂಯ್‌ಗುಟ್ಟುವ ಟೋನ್ ಕೂಡ ಹೋಗಬೇಕಂತೆ. ನಮ್ಮದಕ್ಕೆ ಬೇಕಾದದ್ದು 88.5 ಹರ್ಟ್ಸ್. ನಾನು ಅತ್ಯುತ್ಸಾಹದಿಂದ ಅದನ್ನು ಪ್ರೇಷಣದ, ಅಂದರೆ ಕಳುಹಿಸುವ ಸಾಲಿನ ಬದಲು ಗ್ರಹಣದ, ಅಂದರೆ ಕೇಳಿಸಿಕೊಳ್ಳುವ ಸಾಲಿನಲ್ಲಿ ತುಂಬಿದೆ. ಹಾಗೆ ತುಂಬಿದರೆ ಆ ಟೋನ್ ಬಂದಾಗ ಮಾತ್ರ ಸೆಟ್ಟು ಬಾಯಿಬಿಡುತ್ತದೆ. ರಿಪೀಟರ್ ಆ ಟೋನನ್ನು ತಾನಾಗಿ ಹೊರಗೆ ಕಳುಹಿಸುತ್ತಿರಲಿಲ್ಲವಾದ್ದರಿಂದ, ಅಲ್ಲಿಯವರೆಗೆ ಯಾರಿಗೂ ಕೇಳಿಸದಿದ್ದ ನನಗೆ ಅಂದಿನಿಂದ ಯಾರೂ ಕೇಳಿಸದಂತಾಯಿತು.

ಕೊನೆಗೊಂದು ಸಂಜೆ ಎಲ್ಲವೂ ಸರಿಹೋಗಿ, ಗುಂಡಿ ಒತ್ತಿ ಬಿಟ್ಟೊಡನೆ ಆ ಕಡೆಯಿಂದ ಒಂದು ಪುಟ್ಟ ‘ಪೀಪ್’ ಬಂತು. ಜೀವಮಾನದಲ್ಲಿ ಅಷ್ಟು ಗೌರವದಿಂದ ನನಗೆ ಯಾರೂ ಉತ್ತರಿಸಿರಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಪೀಪ್. ಹೀಗೆ ಹೆಸರು ಹೇಳದೆ ರಿಪೀಟರನ್ನು ಎಬ್ಬಿಸುವುದಕ್ಕೆ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಕರ್‌ಚಂಕ್ ಎನ್ನುತ್ತಾರೆ. ಕಂಡವರ ಮನೆಯ ಬೆಲ್ ಒತ್ತಿ ಓಡಿಹೋಗುವ ಹುಡುಗರ ಆಟಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಒಂಬತ್ತನೆಯ ಪೀಪ್‌ಗೆ ಹಿರಿಯರೊಬ್ಬರ ದನಿ ಬಂತು: “ಒತ್ತಿ ಓಡುತ್ತಿರುವ ಮಿತ್ರರು ನಿಂತು ಕರೆಸಂಕೇತ ಹೇಳಿದರೆ ಸಂತೋಷ.” ಗಾಬರಿಯಲ್ಲಿ ಗುಂಡಿ ಪೂರ್ತಿ ಅದುಮುವ ಮೊದಲೇ ಬಾಯಿ ತೆರೆದುಬಿಟ್ಟದ್ದರಿಂದ ಕರೆಸಂಕೇತದ ತಲೆ ಹಾರಿಹೋಗಿ ಬಾಲ ಮಾತ್ರ ತಲುಪಿತು.

ಆಮೇಲಿನ ವಾರಗಳಲ್ಲಿ ನಾನು ನಿತ್ಯದ ಸದಸ್ಯನಾದರೂ, ನನ್ನ ಸೆಟ್ಟಿನ ಐದು ವಾಟ್‌ಗಳ ಶಕ್ತಿಯ ಬಗ್ಗೆ ಯಾರಿಂದಲೂ ಒಳ್ಳೆಯ ಮಾತು ಬರಲಿಲ್ಲ. ದನಿ ಮುರಿಯುತ್ತಿದೆ, ಕಿಟಕಿಯ ಬಳಿ ಬನ್ನಿ, ಒಂದಡಿ ಎಡಕ್ಕೆ ಸರಿಯಿರಿ ಎನ್ನುವರು. ಮಂಚದ ಮೇಲೆ ಮಲಗಿ ಮಾತನಾಡಿದರೆ ಆಂಟೆನಾವೂ ನನ್ನೊಡನೆ ಮಲಗಿ, ನೆಟ್ಟಗೆ ನಿಂತಿರುವ ರಿಪೀಟರಿನ ಆಂಟೆನಾದ ಜೊತೆ ಅದರ ಹೊಂದಾಣಿಕೆ ತಪ್ಪುತ್ತದೆಂದು ಆ ಹಿರಿಯರೇ ಮುಕ್ಕಾಲು ಗಂಟೆ ತಿಳಿಸಿಹೇಳಿದರು. ಅವರ ಪಾಂಡಿತ್ಯ ದೊಡ್ಡದು, ಆದರೆ ಯಾವ ವಿಷಯದಿಂದ ಹೊರಟರೂ ಅವರು ತಮ್ಮ ಆಂಟೆನಾದ ಎತ್ತರಕ್ಕೆ ಬಂದೇ ನಿಲ್ಲುತ್ತಿದ್ದರು.

ಅವರ ಮಾತಿಗೆ ಬೆಲೆಕೊಟ್ಟು ಸೆಟ್ಟನ್ನು ಕಿಟಕಿಯಲ್ಲಿ ನೆಟ್ಟಗೆ ನಿಲ್ಲಿಸಿ, ತಂತಿಯುಳ್ಳ ಕೈಮೈಕನ್ನು ಅದಕ್ಕೆ ಜೋಡಿಸಿದೆ. ಒಂದು ರಾತ್ರಿ ಆ ಮೈಕು ಕುರ್ಚಿಯ ಕೈಗೂ ನನ್ನ ಮೊಣಕೈಗೂ ನಡುವೆ ಸಿಕ್ಕಿಕೊಂಡು ಅದರ ಗುಂಡಿ ಅದುಮಿಹೋದದ್ದು ನನ್ನ ಗಮನಕ್ಕೆ ಬರಲಿಲ್ಲ. ಪ್ರೇಷಣದಲ್ಲಿರುವ ಸೆಟ್ಟು ಏನನ್ನೂ ಕೇಳಿಸುವುದಿಲ್ಲವಾದ್ದರಿಂದ ಕೋಣೆಯಲ್ಲಿ ಅಪೂರ್ವವಾದ ಮೌನ ನೆಲೆಸಿತ್ತು. “ಸದ್ಯ, ಇವತ್ತು ಆ ಮಹನೀಯರು ಬಂದಿಲ್ಲ, ಎಷ್ಟು ನೆಮ್ಮದಿ ನೋಡು,” ಎಂದು ಹೆಂಡತಿಯೊಡನೆ ಆರಂಭಿಸಿ, ಅವರ ಆಂಟೆನಾ, ಅದರ ಎತ್ತರ, ಅದನ್ನು ಅವರು ವರ್ಣಿಸುವ ಶೈಲಿ ಇವೆಲ್ಲವನ್ನೂ ದನಿ ಅನುಕರಿಸಿ ಸವಿಸ್ತಾರವಾಗಿ ನಿರೂಪಿಸಿದೆ. ಅವಳೇ ಕಿಟಕಿಯತ್ತ ಬೆರಳು ಮಾಡಿ, ಆ ಕೆಂಪು ದೀಪ ಯಾಕೆ ಉರಿಯುತ್ತಿದೆ ಎಂದು ಕೇಳಿದಳು.

ಮೊಣಕೈ ಎತ್ತಿದೆ. ಪೀಪ್.

“ನಿಮ್ಮ ಸಿಗ್ನಲ್ ಇವತ್ತು ಅತ್ಯುತ್ತಮವಾಗಿತ್ತು, ಒಂದು ಅಕ್ಷರವೂ ಮುರಿಯಲಿಲ್ಲ,” ಎಂದರು ಆ ಹಿರಿಯರು. “ಆದರೆ ಮೂರು ನಿಮಿಷಕ್ಕೆ ರಿಪೀಟರಿನ ಟೈಮರ್ ಕತ್ತರಿಸಿಬಿಟ್ಟಿತು. ನನ್ನ ಆಂಟೆನಾ ಎಷ್ಟು ಎತ್ತರವೆಂದು ಹೇಳುವಲ್ಲಿಗೆ ನಿಂತಿದೆ. ಉಳಿದದ್ದನ್ನೂ ಹೇಳಿಬಿಡಿ, ಎಲ್ಲರೂ ಕಾಯುತ್ತಿದ್ದೇವೆ, ಓವರ್.”