ಲಿಫ್ಟಿನಲ್ಲಿ ಬಂದ ಕರು

ಹೋದ ತಿಂಗಳು ಯಲಹಂಕದ ಕಡೆ ನೆಂಟರ ಮನೆ ಗೃಹಪ್ರವೇಶ. ನಾಲ್ಕನೇ ಮಹಡಿ. ಬೆಳಗಿನ ಜಾವ ಐದಕ್ಕೇ ಟೆಂಪೋದಲ್ಲಿ ಹಸು, ಕರು ಬಂದಿಳಿದವು. ಹಸು ಲಿಫ್ಟಿನಲ್ಲಿ ಹಿಡಿಸಲಿಲ್ಲ, ಮೆಟ್ಟಿಲು ಹತ್ತಲು ಒಪ್ಪಲಿಲ್ಲ, ಹಾಗಾಗಿ ಅದಕ್ಕೆ ಪಾರ್ಕಿಂಗಿನಲ್ಲೇ ಅರಿಶಿನ ಕುಂಕುಮ ಹಚ್ಚಿ ಕರುವನ್ನಷ್ಟೇ ಮೇಲೆ ಕರೆತಂದರು. ಅದು ಹೊಸ ಟೈಲ್ಸ್ ಮೇಲೆ ನಾಲ್ಕು ಹೆಜ್ಜೆ ಜಾರಿ, ಹಾಲ್ ನಡುವೆ ಕಾಲು ಊರಿ ನಿಂತು, ನಿರಾಳವಾಗಿ ಸಗಣಿ ಹಾಕಿತು. ಪುರೋಹಿತರು "ಬಹಳ ಶುಭ" ಅಂದರು. ಮನೆಯಾಕೆ ಟಿಶ್ಯೂ ಹುಡುಕಿಕೊಂಡು ಓಡಿದಳು.

ನಮ್ಮಜ್ಜಿ ಇದ್ದಿದ್ದರೆ ನಗುತ್ತಿದ್ದಳು. ತೀರ್ಥಹಳ್ಳಿ ಕಡೆಯ ಅವಳ ಮನೆಯಲ್ಲಿ ಅಡುಗೆಮನೆಯ ಹಿಂಬಾಗಿಲು ತೆಗೆದರೆ ಕೊಟ್ಟಿಗೆ. ದನದ ಕಾಲಡಿಗೆ ಸೊಪ್ಪು, ದರಗು ಅಂದರೆ ಒಣಗಿದ ಎಲೆ ಹಾಸುವುದು, ಸಗಣಿ ಗಂಜಲದಲ್ಲಿ ನೆನೆದ ಮೇಲೆ ಬಾಚಿ ಗುಂಡಿಗೆ ಹಾಕುವುದು, ಅಲ್ಲಿಂದ ಅಡಿಕೆ ಬುಡಕ್ಕೆ. ಮಲೆನಾಡು ಗಿಡ್ಡ ಹಸು ಕೊಡುತ್ತಿದ್ದದ್ದು ಎರಡು ಲೋಟ ಹಾಲು. ಅದನ್ನು ಸಾಕುತ್ತಿದ್ದದ್ದೇ ಗೊಬ್ಬರಕ್ಕೆ ಅನ್ನಬೇಕು.

ಹೋಮ ನಡೆಯುತ್ತಿದ್ದಾಗ ಮೂಲೆಯಲ್ಲಿ ಕೂತು ಸುಮ್ನೆ ಫೋನ್ ನೋಡುತ್ತಿದ್ದೆ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಹಳೇ 'ಕಪ್ಪು ಮನೆ'ಗಳ ವಿಷಯ ಸಿಕ್ಕಿತು. ಅಲ್ಲಿ ಹಿಂಬಾಗಿಲ ಮಾತೇ ಇಲ್ಲ. ಒಂದೇ ಸೂರಿನಡಿ ಒಂದು ತುದಿಗೆ ಜನ, ಇನ್ನೊಂದು ತುದಿಗೆ ದನ. ದನದ ಮೈಬಿಸಿ ಮನೆಗೂ ಆಗುತ್ತಿತ್ತು. ಚಿಮಣಿ ಇಲ್ಲ, ನೆಲದ ನಡುವೆ ಉರಿಯುವ ಬೆಂಕಿಯ ಹೊಗೆ ಹುಲ್ಲಿನ ಚಾವಣಿಯಲ್ಲೇ ನುಸುಳಿ ಹೋಗಬೇಕು. ಮಸಿ ಹಿಡಿದ ಆ ಹುಲ್ಲೂ ಕೊನೆಗೆ ಹೊಲಕ್ಕೆ ಗೊಬ್ಬರ. ಚಳಿಗಾಲವಿಡೀ ಸಗಣಿ ಒಳಗೇ ಬೀಳುತ್ತಿತ್ತಂತೆ. ಚಳಿ ಕಳೆದ ಮೇಲೆ ಕೊಟ್ಟಿಗೆ ತುದಿಯ ಗೋಡೆಯನ್ನೇ ಬಿಚ್ಚಿ ಹೊಲಕ್ಕೆ ಹೊರುತ್ತಿದ್ದರು. ಗೋಡೆಯನ್ನೇ! ಅಜ್ಜಿ ಕೇಳಿದ್ದರೆ "ಆಗ ಮಳೆ ಬಂದ್ರೆ?" ಅಂತಿದ್ದಳು. ಟ್ವೀಡ್ ಅನ್ನುವ ಕುರಿ ಉಣ್ಣೆಯ ಬಟ್ಟೆ ನೇಯ್ದ ಮೇಲೆ ಅದನ್ನು ಹದ ಮಾಡಲು ಹಳಸಿದ ಮೂತ್ರ ಬಳಸುತ್ತಿದ್ದರು. ದನದ್ದಲ್ಲ, ಮನೆಮಂದಿಯದ್ದೇ, ಕೂಡಿಟ್ಟದ್ದು. ಗಂಜಲಕ್ಕೆ ಮೂಗು ಮುರಿಯುವವರು ಇಷ್ಟು ದುಬಾರಿ ಟ್ವೀಡ್ ಕೋಟು ಹಾಕುವಾಗ ಇದು ನೆನಪಾಗಲ್ಲ, ಅಲ್ವಾ?

ಆರ್ನಾಲ್ ಅನ್ನುವ ಹಳ್ಳಿಯ ಅಂಥ ಒಂದು ಮನೆಯಲ್ಲಿ 1960ರ ದಶಕದವರೆಗೂ ಜನ ಇದ್ದರಂತೆ. ಈಗದು ಮ್ಯೂಸಿಯಂ.

ಅಷ್ಟರಲ್ಲಿ ಹಸುವಿನವನು ಬಾಗಿಲಲ್ಲಿ ನಿಂತು, "ಬೇಗ ಕಳಿಸಿ ಸಾರ್, ಏಳಕ್ಕೆ ಇನ್ನೊಂದು ಮನೆ ಐತೆ" ಅಂದ. ಕೊರಳಿಗೆ ಹಾಕಿದ್ದ ಚೆಂಡುಹೂವಿನ ಹಾರವನ್ನು ಅರ್ಧ ತಿಂದು ಮುಗಿಸಿದ್ದ ಕರುವನ್ನು ಲಿಫ್ಟಿಗೆ ತಳ್ಳಿದ. ಬಾಗಿಲು ಮುಚ್ಚಿತು. ಮೂರನೇ ಮಹಡಿಯಲ್ಲೊಮ್ಮೆ, ಎರಡನೆಯದರಲ್ಲೊಮ್ಮೆ 'ಅಂಬಾ' ಕೇಳಿಸಿತು. ಕೆಳಗೆ ಎರಡು ಕಾರುಗಳ ನಡುವಿನಿಂದ ತಾಯಿ ಓಗೊಟ್ಟಿತು.